ಕುಬಸದ ಹಸಿರು ಸೀರೆ

೨೧ ಆಗಸ್ಟ್ ೨೦೧೮, ಮಂಗಳವಾರ. ಯಾದಗಿರಿ.

ಹೋದ ವಾರ ದೇವಕಮ್ಮ ಕೂಗಿದ್ದು ಇನ್ನೂ ಕಿವಿಯಲ್ಲೇ ಇದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಅವಳ ಕೂಸಿಗೆ ನಳಿಕೆಯಲ್ಲಿ ಕೊಟ್ಟ ಹಾಲು ದಕ್ಕುತ್ತಿರಲಿಲ್ಲ. ಬೆಳಕು ತಗ್ಗಿಸಿ ನೋಡೋಣ, ನೆಮ್ಮದಿಯಾಗಿ ಮಲಗಿದರೆ ಹಾಲೂ ದಕ್ಕಬಹುದು ಎಂದರು ಡಾಕ್ಟರು. ನಾನು ಕೂಸಿನ ಗಾಜಿನ ಪೆಟ್ಟಿಗೆಗೆ ಬಿಳಿ ಬಟ್ಟೆ ಹೊದಿಸಿದೆ. ಇಷ್ಟು ವರ್ಷ ನರ್ಸ್ ಆಗಿದ್ದೂ ಅದನ್ನು ಕಂಡ ತಾಯಿಗೆ ಏನನ್ನಿಸುತ್ತದೆಂದು ಹೊಳೆಯಲಿಲ್ಲ, ದಡ್ಡಿ ನಾನು!

"ಹೋತೇನ್ರಿ ನನ್ನ ಕೂಸು?" ಎಂದು ಬಾಗಿಲಲ್ಲೇ ಕುಸಿದಳು.

ಬಟ್ಟೆ ಎತ್ತಿ ಉಸಿರಾಡುವ ಕೂಸನ್ನು ತೋರಿಸಿದೆ, ಬೆಳಕಿನ ವಿಷಯ ತಿಳಿಸಿ ಹೇಳಿದೆ. ಕಣ್ಣೊರೆಸಿಕೊಂಡು ಗಂಟಿನಿಂದ ಹೊಸ ಹಸಿರು ಸೀರೆ ತೆಗೆದಳು. ಕಾಲುವೆಗೆ ನೀರು ಬಂದಿದೆ, ನಾಟಿ ಮುಗಿಸಿ ಬಸುರಿಗೆ ಈ ಸೀರೆ ಉಡಿಸಿ ಕುಬಸ ಮಾಡೋಣ ಎಂದಿದ್ದರಂತೆ ತವರಿನವರು. ಕೂಸು ಅಷ್ಟು ಕಾಯಲಿಲ್ಲ.

"ಬಿಳೇದು ಬ್ಯಾಡ್ರಿ ಅಕ್ಕಾರ, ಇದನ್ನ ಹಾಕ್ರಿ."

ಒಗೆಸಿ, ಒಣಗಿಸಿ ಅದನ್ನೇ ಹೊದಿಸಿದೆವು.

ನೆರಳಿನಿಂದಲೋ, ಕೂಸೇ ಬಲಿತದ್ದರಿಂದಲೋ, ಹಾಲು ದಕ್ಕತೊಡಗಿತು. ಇವತ್ತು ಮೊದಲ ಸಲ ತಾಯಿಯ ಮೊಲೆಗೆ ಬಾಯಿ ಹಚ್ಚಿ ಚೀಪಿತು. ದೇವಕಮ್ಮ ಆ ಹಸಿರು ಸೀರೆಯನ್ನೇ ಕೂಸಿನ ಮೇಲೆ ಮರೆ ಮಾಡಿಕೊಂಡಿದ್ದಳು. ಆಸೆ ತಡೆಯದೆ ನಾನು ಅಂಚು ಸರಿಸಲು ಹೋದರೆ, ನನ್ನ ಕೈ ಹಿಡಿದುಬಿಟ್ಟಳು.

"ಬೆಳಕ ಬಿಡಬ್ಯಾಡ್ರಿ ಅಕ್ಕಾರ, ಉಣ್ಣಾಕತ್ತೈತಿ."