ಬೆನ್ನಿನ ಮೂರು ಗೆರೆ

ಅಕ್ಕನಿಗೆ ತಮ್ಮನ ನಮಸ್ಕಾರ.

ಯುದ್ಧ ಬಿಟ್ಟು ಓಡಿಬಂದ ನಿನ್ನ ಮಗ ನನ್ನ ಇಸ್ತ್ರಿ ಅಂಗಡಿಯ ಅಟ್ಟದಲ್ಲಿ ಕ್ಷೇಮವಾಗಿದ್ದಾನೆ. ಏಳನೇ ಕ್ಲಾಸು ಓದಿದ ನಿನ್ನ ತಮ್ಮ ನಿನ್ನೆ ಒಬ್ಬ ಕ್ಯಾಪ್ಟನ್ನಿಗೇ ಟೋಪಿ ಹಾಕಿದ, ಕೇಳು.

ಸುಮ್ಮನೆ ಕೂರಲಾರದೆ ಇವನು ಗಿರಾಕಿಯೊಬ್ಬರ ಅಂಗಿಗೆ ಇಸ್ತ್ರಿ ಹಾಕಿದ್ದ, ಸೈನ್ಯದವರ ಹಾಗೆ ಬೆನ್ನಿಗೆ ಮೂರು ಗೆರೆ ಕೂರಿಸಿ. ಇವನನ್ನು ಹುಡುಕಿಕೊಂಡು ಬಂದ ಕ್ಯಾಪ್ಟನ್ ಆ ಅಂಗಿಯನ್ನೇ ಎತ್ತಿ ಹಿಡಿದ.

"ಯಾರಯ್ಯ ಮಾಡಿದ್ದು?"

"ನಾನೇ ಸಾರ್. ಈ ಊರಲ್ಲಿ ನನ್ನ ಕೈಗೆ ಸಮ ಇನ್ನೊಂದು ಕೈ ಇಲ್ಲ."

"ಹೌದಾ? ಎಲ್ಲಿ, ಇನ್ನೊಂದು ಮಾಡು ನೋಡೋಣ."

ನನಗೆಲ್ಲಿ ಬರುತ್ತೆ ಅಕ್ಕಾ ಆ ಗೆರೆ? ಅಂಗಿ ಹಾಸಿದೆ. ಕಾವು ನೋಡುವ ನೆಪದಲ್ಲಿ ಬಲ ಅಂಗೈಯನ್ನೇ ಇಸ್ತ್ರಿಪೆಟ್ಟಿಗೆಗೆ ಒತ್ತಿಬಿಟ್ಟೆ. ನನ್ನ ಕೂಗು ಕೇಳಿಯೂ ನಿನ್ನ ಮಗ ಅಟ್ಟದಿಂದ ಇಳಿಯಲಿಲ್ಲ. ಜಾಣ, ನನ್ನನ್ನೇ ಹೋಲುತ್ತಾನೆ.

"ವಾಸಿಯಾಗಲಿ, ಮತ್ತೆ ಬರ್ತೀನಿ. ಆಗ ಮಾಡಿ ತೋರಿಸು," ಅಂದು ಕ್ಯಾಪ್ಟನ್ ಹೊರಟ.

ಪತ್ರ ತಂದವರ ಕೈಯಲ್ಲೇ ಇವನ ಹಳೇ ಚಪ್ಪಲಿ ಕಳಿಸು. ಸೈನ್ಯದ ಬೂಟು ಹಾಕಿಕೊಂಡು ಗಡಿ ದಾಟಲಾಗುವುದಿಲ್ಲ. ಇದನ್ನು ಓದಿ ಒಲೆಗೆ ಹಾಕು. ಅಕ್ಷರ ಸೊಟ್ಟಗಿವೆ ಎಂದು ನಗಬೇಡ, ಎಡಗೈಯಲ್ಲಿ ಬರೆದದ್ದು.

ಮುಲಾಮು ಮಾತ್ರ ಕಳಿಸಬೇಡ. ಇವನು ದಾಟುವವರೆಗೆ ನನ್ನ ಕೈ ವಾಸಿಯಾಗಬಾರದು.

ಇತಿ,
ನಿನ್ನ ತಮ್ಮ