ಸಂಜೆ ಟ್ರಯಲ್‌ಗೆ ಹೊರಡುವ ಮೊದಲು

ಪ್ರಣೀತಾಳ ಪಪ್ಪಾ,

ಮಗಳು ತೀರಿಹೋದ ಮೇಲೂ ನಿಮ್ಮನ್ನು ಬೇರೆ ಹೇಗೆ ಕರೆಯುವುದೆಂದು ನನಗೆ ತಿಳಿಯುತ್ತಿಲ್ಲ.

ಗಂಜಿ, ಒಣಮೀನಿನ ಚಟ್ನಿ ಮುಚ್ಚಿಟ್ಟಿದ್ದೇನೆ. ಉಣ್ಣದೆ ಬೈಕು ಬಿಚ್ಚಿ ಕೂರಬೇಡಿ. ಪ್ಲಗ್ ಉಜ್ಜಲು ನನ್ನ ಬ್ರಶ್ ಮುಟ್ಟಬೇಡಿ, ಹಳೆಯದು ಬಚ್ಚಲಿನ ಕಿಟಕಿಯಲ್ಲಿದೆ. ಕಾರ್ಬೊರೇಟರ್ ಹಾಲ್‌ಗೆ ತಂದರೆ ಕೆಳಗೆ ಪೇಪರ್ ಹಾಸಿ, ಪೆಟ್ರೋಲ್ ವಾಸನೆ ಹೋಗುವುದೇ ಇಲ್ಲ.

ದಿನಾ ಸಂಜೆ "ಬೈಕಿನ ಟ್ರಯಲ್ ನೋಡಿ ಬರ್ತೇನೆ" ಅಂತ ಹೋಗುತ್ತೀರಲ್ಲ, ಎಲ್ಲಿಗೆಂದು ನಿನ್ನೆ ಗೊತ್ತಾಯಿತು. ಸ್ಟೇಷನ್ ಎದುರಿನ ಹೋಟೆಲಿನ ಗುಣಪಾಲಣ್ಣ ಹೇಳಿದರು: "ಜಯಲತಕ್ಕಾ, ಭಾವ ದಿನಾ ಇಲ್ಲೇ ನಿಲ್ತಾರೆ ಮಾರಾಯ್ರೆ. ಮಗಳು ಬರ್ತಿದ್ದ ಟ್ರೇನಿನ ಜನ ಎಲ್ಲ ಹೋಗುವವರೆಗೆ ಕಾಯ್ತಾರೆ, ಮತ್ತೆ ಒಬ್ರೇ ಕಿಕ್ ಹೊಡ್ದು ಹೋಗ್ತಾರೆ."

ನನಗೆ ಸಿಟ್ಟಿಲ್ಲ. ಆಫೀಸು ಬಿಟ್ಟು ಥಾಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿಗೆ ಬಂದರೆ ನನಗೂ ಆ ಟ್ರೇನು ಹತ್ತಲು ಕಾಲು ಬರುವುದಿಲ್ಲ. ಅದನ್ನು ಹೋಗಲು ಬಿಟ್ಟು ಅದರ ನಂತರದ್ದರಲ್ಲಿ ಬರುತ್ತಿದ್ದೇನೆ.

ಇವತ್ತು ಅವಳ ಟ್ರೇನಿನಲ್ಲೇ ಬರುತ್ತೇನೆ. ನೀವು ದಿನಾ ನಿಲ್ಲುವಲ್ಲೇ ನಿಲ್ಲಿ. ಜನವೆಲ್ಲ ಹೋದ ಮೇಲೂ ನಾನು ಕಾಣದಿದ್ದರೆ ಹೊರಟುಬಿಡಬೇಡಿ. ಸ್ಟೇಷನ್ ಸೇತುವೆಯ ಮೆಟ್ಟಿಲಿಳಿಯಲು ನನಗೆ ಹೊತ್ತು ಬೇಕು.

ಜಯಲತಾ