ಮೂರನೇ ಸುತ್ತಿನ ಉಸಿರು

ಮಾರ್ಚ್ 4

ಬೆಳಗ್ಗೆಯಿಂದ ಸಿ.ಟಿ. ಸ್ಕ್ಯಾನ್ ಕೋಣೆಯಲ್ಲಿ ಡ್ಯೂಟಿ. ಮೈಕಿನಲ್ಲಿ ರೋಗಿಗಳಿಗೆ ಅದೇ ಮಂತ್ರ — ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಬಿಡಿ. ಗಂಟಲು ಒಣಗಿತು. ನಡುವೆ ಅತ್ತಿಗೆಯ ಫೋನ್. ಅಣ್ಣನ ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆ ಕಂಡಿದೆಯಂತೆ. ವೈರಸ್ ತಿಂದು ತಿಂದು ಗಟ್ಟಿಯಾದ ಲಿವರ್ ಅದು, ಸಿರೋಸಿಸ್. ಒಂದು ತೊಟ್ಟು ಕುಡಿದವನಲ್ಲ. ಆದರೂ ಆಡಿಕೊಳ್ಳುವ ಬಾಯಿಗಳು... ಸುಡಲಿ.

ಸಿರೋಸಿಸ್‌ನಲ್ಲಿ ಗಂಟುಗಳು ಇದ್ದದ್ದೇ, ಎಲ್ಲವೂ ಕ್ಯಾನ್ಸರ್ ಅಲ್ಲ. ನಮ್ಮ ಡಾಕ್ಟರು ದಿನವೂ ಹೇಳುವ ಮಾತು. ನನಗೆ ನಾನೇ ಹೇಳಿಕೊಂಡೆ. ನಾಟಲಿಲ್ಲ.

ಅತ್ತಿಗೆ ತನ್ನ ಲಿವರ್‌ನಲ್ಲಿ ಪಾಲು ಕೊಡಲು ತಯಾರು. ಕ್ಯಾನ್ಸರ್ ಆಗಿ ರಕ್ತನಾಳಕ್ಕೆ ಇಳಿದಿದ್ದರೆ ಮಾತ್ರ ಕಸಿ ಮಾಡುವುದಿಲ್ಲ.

ಮಾರ್ಚ್ 7

ಅಣ್ಣನನ್ನು ಸ್ಕ್ಯಾನ್‌ಗೆ ನಾನೇ ಮಲಗಿಸಿದೆ. ಬೇರೆಯವರಿಗೆ ಬಿಡಬಹುದಿತ್ತು. ಹಟ.

“ಮೈಕಲ್ಲಿ ನಂಗೂ ‘ಹಿಡಿದುಕೊಳ್ಳಿ’ ಅಂತೀಯೇನೇ? ಹುಟ್ಟಿದಾಗಿಂದ ಇವತ್ತೇ ಮರ್ಯಾದೆ ಕೊಡ್ತಿರೋದು!”

“ತೆಪ್ಪಗೆ ಮಲ್ಕೋ. ಅಲ್ಲಾಡಿದ್ರೆ ನೋಡು.”

ಸ್ಕ್ಯಾನ್‌ನಲ್ಲಿ ಬೆಳ್ಳಗೆ ಕಾಣುವ ಔಷಧಿ ರಕ್ತನಾಳಕ್ಕೆ ಹೋಯಿತು. ಸ್ಕ್ಯಾನಿನ ಮೊದಲ ಸುತ್ತಿನಲ್ಲೇ ಗಡ್ಡೆ ಬೆಳ್ಳಗೆ ಹೊಳೆಯಿತು. ಕ್ಯಾನ್ಸರ್ ಆದರೆ ಔಷಧಿಯನ್ನು ಬೇಗ ಕುಡಿದು ಬೇಗ ಕಕ್ಕುತ್ತದೆ. ಮೂರನೇ ಸುತ್ತಿಗೆ ಸುತ್ತಲಿನ ಲಿವರ್‌ಗಿಂತ ಕಪ್ಪಾಗುತ್ತದೆ. ಕಾದೆ. ಕಪ್ಪಾಗಬೇಡ, ನಿನ್ನ ದಮ್ಮಯ್ಯ — ಪರದೆಯನ್ನು ಬೇಡಿಕೊಂಡೆ.

ಎಳೆದುಕೊಳ್ಳಿ. ಹಿಡಿದುಕೊಳ್ಳಿ.

ಕಪ್ಪು. ದೊಡ್ಡ ರಕ್ತನಾಳದೊಳಕ್ಕೂ...

ಎಷ್ಟು ಹೊತ್ತು ನೋಡುತ್ತಾ ಕೂತೆನೋ. ಗಾಜಿನಾಚೆ ಅಣ್ಣನ ಕಾಲು ಒದೆಯಿತು. ಓಡಿದೆ. ಬಾಯಿ ಬಿಗಿದು, ಮುಖ ಕೆಂಪಗೆ — ಇನ್ನೂ ಉಸಿರು ಹಿಡಿದೇ ಇದ್ದ, ಪೆದ್ದ!

ಭುಸ್ ಎಂದು ಉಸಿರು ಬಿಟ್ಟು, “ನೀನು ‘ಬಿಡಿ’ ಅನ್ಲೇ ಇಲ್ವಲ್ಲೇ” ಎಂದ. ಆಮೇಲೆ ನನ್ನ ಮುಖ ನೋಡಿದ. ನಗು ನಿಂತಿತು.

“ನಿಮ್ಮತ್ತಿಗೆಗೆ ನಾನೇ ಹೇಳ್ತೀನಿ ಬಿಡು.”

ಮಾರ್ಚ್ 8

ಡಾಕ್ಟರು ನೋಡಿದರು. ಕಸಿ ಇಲ್ಲ. ಅತ್ತಿಗೆ ಅವರ ಮೇಜು ಹಿಡಿದುಕೊಂಡು, “ನಂದು ಪೂರ್ತಿ ತಗೊಳ್ಳಿ ಡಾಕ್ಟ್ರೇ” ಎಂದರು. ದೇವರ ಮನೆ ಹಾಳಾಗ.

ಮೇ 19, ಮಧ್ಯಾಹ್ನ

ಅಣ್ಣನ ಹೊಟ್ಟೆ ನೀರು ತುಂಬಿ ಉಬ್ಬಿದೆ. ಉಸಿರಾಡಲು ಒದ್ದಾಟ. ರಜೆ ಹಾಕಿ ಪಕ್ಕದಲ್ಲೇ ಕೂತಿದ್ದೇನೆ.

“ಮೈಕಲ್ಲಿ ಹೇಳ್ದಂಗೆ ಹೇಳೇ. ಮರ್ಯಾದೆ ಕೊಟ್ಟು.”

ಹೇಳಿದೆ. ಎಳೆದುಕೊಳ್ಳಿ. ಹಿಡಿದುಕೊಳ್ಳಿ. ಹಿಡಿಯಲು ಅವನಲ್ಲಿ ಉಸಿರೆಲ್ಲಿದೆ... ಆದರೂ ನನ್ನ ಬಾಯನ್ನೇ ನೋಡುತ್ತಿದ್ದ.

“ಮುಂದಿಂದು ಹೇಳೇ ಪುಟ್ಟಿ. ಸಾಕಾಯ್ತು.”

ಈಗ ಕಣ್ಣು ಮುಚ್ಚಿದ್ದಾನೆ. ಎದೆ ಏರಿಳಿಯುತ್ತಿದೆ. ನಾನಿನ್ನೂ ಹೇಳಿಲ್ಲ. ಹೇಳುವುದೂ ಇಲ್ಲ.